ಜೋಡಿ ಇಂಜಿನ್ ಎಳೆದಾಡುತ್ತಿವೆಯೇ? ಮೊದಲು ತೆವಳುವ ವೇಗ ಸರಿ ಮಾಡಿ

ಪ್ರಶ್ನೆ: ನನ್ನ ಹತ್ತಿರ ಎಚ್‌ಒ ಅಳತೆಯ (1:87) ಎರಡು ಮಾದರಿ ರೈಲಿನ ಡೀಸೆಲ್ ಇಂಜಿನ್ ಇವೆ. ಎರಡಕ್ಕೂ ಡಿಸಿಸಿ (ಡಿಜಿಟಲ್ ನಿಯಂತ್ರಣ) ಡಿಕೋಡರ್, ಅಂದರೆ ಆದೇಶ ಕೇಳಿ ಮೋಟಾರ್ ನಡೆಸುವ ಪುಟ್ಟ ಸರ್ಕ್ಯೂಟ್, ಇದೆ, ಆದರೆ ಬೇರೆ ಬೇರೆ ಕಂಪನಿಯವು. ಒಂದು ಹೊಸದು, ಸೌಂಡ್ ಇದೆ. ಇನ್ನೊಂದು ಹಳೆಯದು, ಸೌಂಡ್ ಇಲ್ಲ. ಉದ್ದನೆಯ ಗೂಡ್ಸ್ ಗಾಡಿಗೆ ಎರಡನ್ನೂ ಜೋಡಿಸಿದರೆ ಒಂದು ಎಳೆಯುತ್ತದೆ, ಇನ್ನೊಂದು ತಡೆಯುತ್ತದೆ. ಹೊರಡುವಾಗ ಹಳೆಯದು ಮೊದಲು ಜಿಗಿಯುತ್ತದೆ. ತಿರುವಿನಲ್ಲಿ ಹಳಿ ತಪ್ಪಿದ್ದೂ ಇದೆ. ಎರಡೂ ಒಂದೇ ವೇಗದಲ್ಲಿ ಓಡುವಂತೆ ಮಾಡುವುದು ಹೇಗೆ?

ಉತ್ತರ: ಮೊದಲು ಆ ಜೋಡಿ ಬಿಚ್ಚಿಡಿ. ವೇಗ ಹೊಂದುವವರೆಗೆ ಎರಡನ್ನೂ ಕಪ್ಲರ್ (ಜೋಡಿಸುವ ಕೊಕ್ಕೆ) ಹಾಕಿ ಓಡಿಸಲೇಬೇಡಿ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇಂಜಿನ್ನಿನ ಹೊಟ್ಟೆಯೊಳಗಿದೆ. ಬಹುಪಾಲು ಮಾದರಿ ಇಂಜಿನ್‌ಗಳಲ್ಲಿ ಮೋಟಾರಿನ ಶಕ್ತಿ ಚಕ್ರಕ್ಕೆ ಹೋಗುವುದು ವರ್ಮ್ ಗಿಯರ್ ಮೂಲಕ. ಮೋಟಾರ್ ತಿರುಗಿದರೆ ಚಕ್ರ ತಿರುಗುತ್ತದೆ. ಚಕ್ರ ಹಿಡಿದು ತಿರುಗಿಸಲು ಹೋದರೆ ಮೋಟಾರ್ ಅಲುಗುವುದಿಲ್ಲ. ಕರೆಂಟ್ ಇಲ್ಲದ ಇಂಜಿನ್ನನ್ನು ಹಳಿಯ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ. ಚಕ್ರ ಉರುಳುವುದಿಲ್ಲ, ಜಾರುತ್ತದೆ. ಜೋಡಿಯಲ್ಲೂ ಆಗುವುದು ಇದೇ. ಜೋರಾಗಿ ಓಡುವ ಇಂಜಿನ್ ಎಷ್ಟೇ ಎಳೆದರೂ ನಿಧಾನದ್ದು ತನ್ನ ಮೋಟಾರಿಗಿಂತ ಬೇಗ ಉರುಳಲಾರದು. ಎರಡರಲ್ಲಿ ಒಂದರ ಚಕ್ರ ಹಳಿಯ ಮೇಲೆ ಉಜ್ಜಿಕೊಂಡೇ ಹೋಗಬೇಕು. ಚಕ್ರದ ರಬ್ಬರ್ ಉಂಗುರ ಸವೆಯುತ್ತದೆ, ಮೋಟಾರ್ ಬಿಸಿಯಾಗುತ್ತದೆ. ನಿಧಾನದ್ದು ಮುಂದಿದ್ದು ಜೋರಿನದು ಹಿಂದಿನಿಂದ ನೂಕುತ್ತಿದ್ದರೆ ತಿರುವಿನಲ್ಲಿ ಚಕ್ರ ಹಳಿಯ ಮೇಲೆ ಹತ್ತಿಬಿಡುತ್ತದೆ. ನಿಮ್ಮಲ್ಲಿ ಹಳಿ ತಪ್ಪಿದ್ದು ಹೀಗೇ ಇರಬೇಕು.

ಥ್ರಾಟಲ್‌ನಲ್ಲಿ, ಅಂದರೆ ಕೈಯಲ್ಲಿ ಹಿಡಿದು ವೇಗ ಕೊಡುವ ನಿಯಂತ್ರಕದಲ್ಲಿ, 50 ಎಂದು ಇಟ್ಟರೆ ಎರಡಕ್ಕೂ 50 ಎಂಬ ಸಂಖ್ಯೆ ಹೋಗುತ್ತದೆ, ಅಷ್ಟೇ. ಆ ಸಂಖ್ಯೆಗೆ ಮೋಟಾರಿಗೆ ಎಷ್ಟು ವೋಲ್ಟೇಜ್ ಕೊಡಬೇಕು ಎಂದು ತೀರ್ಮಾನಿಸುವುದು ಡಿಕೋಡರ್. ಆ ವೋಲ್ಟೇಜ್‌ಗೆ ಎಷ್ಟು ಸುತ್ತು ಎನ್ನುವುದು ಮೋಟಾರಿನ ಸ್ವಭಾವ. ಆ ಸುತ್ತಿಗೆ ಎಷ್ಟು ದೂರ ಎನ್ನುವುದು ಗಿಯರ್ ಮತ್ತು ಚಕ್ರದ ಲೆಕ್ಕ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಇಂಜಿನ್ ಕೂಡ ಸ್ವಲ್ಪ ಹೆಚ್ಚುಕಮ್ಮಿ ಓಡುತ್ತವೆ. ಬೇರೆ ಬೇರೆ ಕಂಪನಿಯವು ಹೊಂದದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ, ಅಲ್ವಾ?

ಈಗ ಯಾವುದಕ್ಕೆ ಯಾವುದನ್ನು ಹೊಂದಿಸಬೇಕು ಎಂಬ ಪ್ರಶ್ನೆ. ನನ್ನ ಉತ್ತರ ಯಾವಾಗಲೂ ಒಂದೇ: ನಿಧಾನದ್ದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ, ಜೋರಿನದನ್ನು ಅದರ ಮಟ್ಟಕ್ಕೆ ಇಳಿಸಿ. ಡಿಕೋಡರ್ ವೇಗ ಕಡಿಮೆ ಮಾಡಬಲ್ಲದು. ಮೋಟಾರಿನ ಕೈಲಿ ಆಗದ ವೇಗವನ್ನು ಎಲ್ಲಿಂದಲೂ ತಂದುಕೊಡಲಾರದು. ಈ ಮಾತು ಮೇಲಿನ ವೇಗಕ್ಕೆ. ಕೆಳಗಿನ ವೇಗದಲ್ಲಿ ಲೆಕ್ಕ ಬೇರೆ. ಯಾವ ಇಂಜಿನ್ ತಡವರಿಸದೆ ತೆವಳಬಲ್ಲ ಅತಿ ಕಡಿಮೆ ವೇಗ ಜಾಸ್ತಿಯೋ, ಅದೇ ಅಲ್ಲಿ ಅಳತೆಗೋಲು. ಹಳೆಯ ಇಂಜಿನ್ ಒಂದು ಮಟ್ಟಕ್ಕಿಂತ ನಿಧಾನವಾಗಿ ಓಡಲಾರದು ಎಂದಾದರೆ ಹೊಸದೇ ಅದಕ್ಕೆ ತಕ್ಕಂತೆ ಹೊರಡಬೇಕು.

ಸಿವಿ, ಅಂದರೆ ಡಿಕೋಡರಿನೊಳಗೆ ಬರೆದಿಡುವ ಸೆಟ್ಟಿಂಗ್‌ಗಳನ್ನು, ಮುಟ್ಟುವ ಮೊದಲು ಒಂದಿಷ್ಟು ಕೆಲಸವಿದೆ. ಹಳಿ ಒರೆಸಿ, ಎರಡೂ ಇಂಜಿನ್ನಿನ ಚಕ್ರ ಒರೆಸಿ. ಕೊಳೆ ಚಕ್ರದ ಇಂಜಿನ್ ಒಮ್ಮೆ ಒಂದು ವೇಗ, ಇನ್ನೊಮ್ಮೆ ಇನ್ನೊಂದು ವೇಗ ತೋರಿಸುತ್ತದೆ. ಅದನ್ನು ನಂಬಿ ಸಿವಿ ಬರೆದರೆ ಶ್ರಮ ವ್ಯರ್ಥ. ಗಿಯರಿಗೆ ಎಣ್ಣೆ ಒಣಗಿದ್ದರೆ ಹಾಕಿ, ಒಂದು ಹನಿ ಸಾಕು. ಆಮೇಲೆ ಎರಡನ್ನೂ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ. ತಣ್ಣಗಿದ್ದಾಗ ಹೊಂದಿಸಿದ ವೇಗ ಬಿಸಿಯಾದ ಮೇಲೆ ಉಳಿಯುವುದಿಲ್ಲ. ಹೊಚ್ಚ ಹೊಸ ಇಂಜಿನ್ ಆದರೆ ಕಂಪನಿ ಹೇಳಿದಷ್ಟು ಹೊತ್ತು ಓಡಿಸಿ ಸಡಿಲ ಮಾಡಿಕೊಂಡ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿ.

ಎರಡರಲ್ಲೂ ಸಿವಿ 3 ಮತ್ತು ಸಿವಿ 4 ಸೊನ್ನೆ ಮಾಡಿ. ಇವು ವೇಗ ಏರುವ, ಇಳಿಯುವ ನಿಧಾನವನ್ನು ಹೇಳುವ ಸಿವಿಗಳು. ಇವು ಇದ್ದರೆ ಹೊಂದಾಣಿಕೆಯ ಹೊತ್ತಿನಲ್ಲಿ ನಾವು ನೋಡುತ್ತಿರುವುದು ನಿಜವಾದ ವೇಗವೋ, ಇನ್ನೂ ಏರುತ್ತಿರುವ ವೇಗವೋ ತಿಳಿಯುವುದಿಲ್ಲ. ಸಿವಿ 29ರಲ್ಲಿ ಎರಡೂ 28/128 ಸ್ಟೆಪ್‌ಗೆ (ಥ್ರಾಟಲ್‌ನ ವೇಗದ ಮೆಟ್ಟಿಲುಗಳು) ಇರಬೇಕು. ಸೆಕೆಂಡ್ ಹ್ಯಾಂಡ್ ಕೊಂಡ ಇಂಜಿನ್ ಆದರೆ ಹಿಂದಿನವರು ಏನೇನು ಬರೆದಿಟ್ಟಿದ್ದಾರೋ ಗೊತ್ತಿರುವುದಿಲ್ಲ. ಆಗ ಡಿಕೋಡರ್ ರಿಸೆಟ್ ಮಾಡಿಬಿಡಿ. ಅನೇಕ ಡಿಕೋಡರ್‌ಗಳಲ್ಲಿ ಸಿವಿ 8ಕ್ಕೆ 8 ಬರೆದರೆ ರಿಸೆಟ್ ಆಗುತ್ತದೆ, ಆದರೂ ಕೈಪಿಡಿ ನೋಡಿಯೇ ಮಾಡಿ. ರಿಸೆಟ್ ಆದ ಮೇಲೆ ಇಂಜಿನ್ನನ್ನು ಕರೆಯುವ ನಂಬರ್ ಸಾಮಾನ್ಯವಾಗಿ 3 ಆಗಿಬಿಡುತ್ತದೆ, ಗಾಬರಿಯಾಗಬೇಡಿ.

ಇನ್ನು ಮುಖ್ಯ ಕೆಲಸ. ಮೂರು ಸಿವಿ ನೆನಪಿಟ್ಟುಕೊಳ್ಳಿ. ಸಿವಿ 2 ಹೊರಡುವ ವೋಲ್ಟೇಜ್, ಸಿವಿ 5 ಗರಿಷ್ಠ ವೋಲ್ಟೇಜ್, ಸಿವಿ 6 ನಡುವಿನದು. ನಾನು ಸಿವಿ 2ರಿಂದಲೇ ಶುರು ಮಾಡುತ್ತೇನೆ, ಹೆಚ್ಚು ಹೊತ್ತು ಕೊಡುವುದೂ ಅದಕ್ಕೇ. ಕಾರಣ ಇದು: ಓಡುವಾಗಿನ ಸಣ್ಣ ವ್ಯತ್ಯಾಸವನ್ನು ಜೋಡಿ ಹೇಗೋ ತಾಳಿಕೊಳ್ಳುತ್ತದೆ. ಹೊರಡುವಾಗ ಒಂದು ನಿಂತಿದ್ದು ಇನ್ನೊಂದು ಎಳೆದರೆ ಮಾತ್ರ ತಾಳಿಕೊಳ್ಳುವುದಿಲ್ಲ. ಗಾಡಿ ನಿಂತು ಹೊರಡುವಾಗಲೆಲ್ಲ ಇದೇ ನಡೆಯುತ್ತದೆ.

ಥ್ರಾಟಲ್ ಅನ್ನು ಸ್ಟೆಪ್ 1ಕ್ಕೆ ಇಡಿ. ಅಳತೆಗೋಲಿನ ಇಂಜಿನ್ನಿನ ಸಿವಿ 2ನ್ನು ಒಂದೊಂದಾಗಿ ಏರಿಸುತ್ತ ಹೋಗಿ. ಓಡುವ ಹಳಿಯ ಮೇಲೆಯೇ ಪ್ರೋಗ್ರಾಮ್ ಮಾಡುವ ಸೌಲಭ್ಯ, ಅಂದರೆ ಪಿಒಎಂ, ನಿಮ್ಮ ಕಮಾಂಡ್ ಸ್ಟೇಷನ್‌ನಲ್ಲಿ (ಹಳಿಗೆ ಆದೇಶ ಕಳಿಸುವ ಪೆಟ್ಟಿಗೆ) ಇದ್ದರೆ ಇಂಜಿನ್ ಎತ್ತಿ ಇಳಿಸುವ ಕೆಲಸವೇ ಇಲ್ಲ. ಒಂದು ಹಂತದಲ್ಲಿ ಮೋಟಾರ್ ಗುಂಯ್ ಎನ್ನುತ್ತದೆ, ಚಕ್ರ ತಿರುಗುವುದಿಲ್ಲ. ಇನ್ನೊಂದೆರಡು ಏರಿಸಿದರೆ ಚಲಿಸುತ್ತದೆ. ಆಗ ಬಗ್ಗಿ, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ನೋಡಿ. ಮುಂದಿನ ಚಕ್ರ ಒಂದು ಸ್ಲೀಪರ್ ದಾಟಿ ಇನ್ನೊಂದಕ್ಕೆ ಹೋಗುವುದನ್ನು ಎಣಿಸಲು ಆಗಬೇಕು. ನಡುವೆ ನಿಲ್ಲಬಾರದು, ತಡವರಿಸಬಾರದು. ಅಷ್ಟಾದರೆ ಸಾಕು. ಈಗ ಎರಡನೆಯದನ್ನು ಪಕ್ಕದ ಹಳಿಯಲ್ಲಿ ಇಟ್ಟು ಅದೇ ಸ್ಟೆಪ್ 1ರಲ್ಲಿ ಹಾಗೇ ತೆವಳುವಂತೆ ಮಾಡಿ. ಎರಡು ಇಂಜಿನ್ನಿನ ಮೂತಿ ಸಮಸಮವಾಗಿ ಹೊರಟು ಒಂದು ಮೊಳ ದೂರ ಸಮಸಮವಾಗಿಯೇ ಹೋಗಬೇಕು.

ಸಿವಿ 5 ಸುಲಭ. ಬಹುತೇಕ ಮಾದರಿ ಇಂಜಿನ್‌ಗಳು ಅಸಲಿ ಇಂಜಿನ್ನಿಗಿಂತ ತುಂಬ ಜಾಸ್ತಿ ವೇಗದಲ್ಲಿ ಓಡಬಲ್ಲವು. ಗೂಡ್ಸ್ ಗಾಡಿಗೆ ಆ ವೇಗ ಬೇಡವೇ ಬೇಡ. ಅದಕ್ಕೆ ನಾನು ಅಳತೆಗೋಲಿನ ಇಂಜಿನ್ನಿನಲ್ಲೇ ಸಿವಿ 5ನ್ನು ಪೂರ್ತಿ 255 ಬಿಡದೆ 140ರ ಆಸುಪಾಸಿಗೆ ಇಳಿಸಿಕೊಳ್ಳುತ್ತೇನೆ. ಥ್ರಾಟಲ್‌ನ ಪ್ರತಿ ಸ್ಟೆಪ್ ಇನ್ನಷ್ಟು ನಯವಾಗುತ್ತದೆ. ಹೊಂದಿಸುವಾಗ ಮೇಲಕ್ಕೂ ಕೆಳಕ್ಕೂ ಜಾಗ ಉಳಿಯುತ್ತದೆ. ಒಂದು ಎಚ್ಚರಿಕೆ: ಸಿವಿ 5 ಅಥವಾ ಸಿವಿ 6ರಲ್ಲಿ 0 ಅಥವಾ 1 ಇದ್ದರೆ ಆ ಸಿವಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಅರ್ಥ. 1 ಬರೆದರೆ ಇಂಜಿನ್ ಬಹಳ ನಿಧಾನವಾಗುತ್ತದೆ ಎಂದುಕೊಳ್ಳಬೇಡಿ. ಅದು ಪೂರ್ತಿ ವೇಗದಲ್ಲಿ ಓಡಿಬಿಡುತ್ತದೆ.

ಈ ಹಂತಕ್ಕೆ ಒಂದು ಸುತ್ತುಹಳಿ ಬೇಕು. ಎರಡು ಇಂಜಿನ್ನನ್ನೂ ಒಂದೇ ಸುತ್ತಿನಲ್ಲಿ, ಎದುರುಬದುರು ದೂರದಲ್ಲಿ ಬಿಡಿ. ಎರಡಕ್ಕೂ ಒಂದೇ ಸ್ಟೆಪ್ ಕೊಡಿ. ನಡುವಿನ ಅಂತರ ನೋಡುತ್ತಿರಿ. ಸುತ್ತು 6 ಮೀಟರ್ ಇದೆ ಎಂದುಕೊಳ್ಳಿ. ಒಂದು ಸುತ್ತಿಗೆ 60 ಸೆಂಟಿಮೀಟರ್ ಅಂತರ ಬದಲಾದರೆ ಶೇಕಡಾ 10 ವ್ಯತ್ಯಾಸ, ಅದು ಆಗದ ಮಾತು. ಮೂರು ಸುತ್ತಿಗೆ ಒಂದು ಗೇಣು ಬದಲಾದರೆ ಶೇಕಡಾ 1ರ ಸುಮಾರು. ಅಲ್ಲಿಗೆ ಕೈ ತೆಗೆದುಬಿಡಿ. ಅದಕ್ಕಿಂತ ಹತ್ತಿರ ತರಲು ಹೋದರೆ ಹಳಿಯ ಕೊಳೆ, ಮೋಟಾರಿನ ಬಿಸಿ ಇವೇ ದೊಡ್ಡ ವ್ಯತ್ಯಾಸ ಮಾಡುತ್ತವೆ.

ಆಮೇಲೆ ಅರ್ಧ ಥ್ರಾಟಲ್‌ನಲ್ಲಿ ಸಿವಿ 6. ಸಿವಿ 2 ಮತ್ತು ಸಿವಿ 5ರ ನಡುವಿನ ಸಂಖ್ಯೆಯಿಂದ, ಇಲ್ಲವೇ ಅದಕ್ಕಿಂತ ಸ್ವಲ್ಪ ಕಡಿಮೆಯಿಂದ ಶುರು ಮಾಡಿ. ಸಿವಿ 6 ಸರಿಯಾದ ಮೇಲೆ ಮತ್ತೊಮ್ಮೆ ಸ್ಟೆಪ್ 1 ನೋಡಿ, ಮೇಲಿನದನ್ನೂ ನೋಡಿ. ಮೂರು ಬಿಂದು ಕೂಡಿದರೆ ಬಹುತೇಕ ಜೋಡಿಗಳಿಗೆ ಸಾಕು. ಬರೆದ ಪ್ರತಿ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದು ಇಂಜಿನ್ನಿನ ಡಬ್ಬಿಯೊಳಗೆ ಇಡಿ.

ಕಾಲು ಥ್ರಾಟಲ್‌ನಲ್ಲಿ ಮಾತ್ರ ಒಂದು ಮುಂದೆ ಹೋಗುತ್ತದೆ ಎಂದಾದರೆ ಸ್ಪೀಡ್ ಟೇಬಲ್ ಬೇಕಾಗುತ್ತದೆ. ಸಿವಿ 67ರಿಂದ ಸಿವಿ 94ರವರೆಗೆ 28 ಮೆಟ್ಟಿಲು. ಒಂದೊಂದಕ್ಕೂ ಬೇರೆ ಸಂಖ್ಯೆ. ಇದನ್ನು ಚಾಲೂ ಮಾಡಲು ಸಿವಿ 29ಕ್ಕೆ 16 ಕೂಡಿಸಬೇಕು. ಈಗ 6 ಇದ್ದರೆ 22 ಮಾಡಿ. ಕೆಲವು ಡಿಕೋಡರ್‌ಗಳಲ್ಲಿ ಟೇಬಲ್ ಹಾಕಿದ ಮೇಲೂ ಸಿವಿ 2 ಮತ್ತು 5 ಕೆಲಸ ಮಾಡುತ್ತಿರುತ್ತವೆ, ಕೈಪಿಡಿಯಲ್ಲಿ ಇದನ್ನು ನೋಡಿಕೊಳ್ಳಿ. 28 ಸಂಖ್ಯೆಯನ್ನು ಥ್ರಾಟಲ್‌ನ ಗುಂಡಿ ಒತ್ತಿ ಬರೆಯುತ್ತ ಕೂರಬೇಡಿ. ಕಂಪ್ಯೂಟರ್ ಇದ್ದರೆ ಜೆಎಂಆರ್‌ಐ ತಂತ್ರಾಂಶದ ಡಿಕೋಡರ್‌ಪ್ರೊ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಟೇಬಲ್ ಅನ್ನು ಗೆರೆ ಎಳೆದಂತೆ ಏರಿಳಿಸಬಹುದು. ಇಂಜಿನ್‌ನ ಸಿವಿಗಳೆಲ್ಲ ಫೈಲ್ ಆಗಿಯೂ ಉಳಿಯುತ್ತವೆ.

ಈಗ ಮರೆತೇಹೋಗುವ ಒಂದು ವಿಷಯ. ಯಾವ ದಿಕ್ಕಿನಲ್ಲಿ ಹೊಂದಿಸಿದಿರಿ? ಡೀಸೆಲ್ ಜೋಡಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸುವುದು ಜಾಸ್ತಿ. ಆಗ ಒಂದು ಮುಂದಕ್ಕೆ ಓಡುವಾಗ ಇನ್ನೊಂದು ತನ್ನ ಲೆಕ್ಕದಲ್ಲಿ ಹಿಂದಕ್ಕೆ ಓಡುತ್ತಿರುತ್ತದೆ. ಅದೇ ಇಂಜಿನ್ನಿನ ಮುಂದಿನ ವೇಗವೂ ಹಿಂದಿನ ವೇಗವೂ ಒಂದೇ ಇರಬೇಕೆಂದಿಲ್ಲ. ಜೋಡಿಯಲ್ಲಿ ಹೇಗೆ ನಿಲ್ಲುತ್ತದೋ ಹಾಗೇ ಹಳಿಯ ಮೇಲಿಟ್ಟು ಹೊಂದಿಸಿ. ಎರಡು ದಿಕ್ಕಿನ ವೇಗ ತೀರಾ ಬೇರೆಯಾಗಿದ್ದರೆ ಸಿವಿ 66 ಮುಂದಿನದಕ್ಕೆ, ಸಿವಿ 95 ಹಿಂದಿನದಕ್ಕೆ. 128 ಎಂದರೆ ಇದ್ದಷ್ಟೇ ವೇಗ. ಕಡಿಮೆ ಮಾಡಿದರೆ ಆ ದಿಕ್ಕಿನಲ್ಲಿ ವೇಗ ಇಳಿಯುತ್ತದೆ. ಈ ಎರಡು ಸಿವಿ ಎಲ್ಲ ಡಿಕೋಡರ್‌ನಲ್ಲೂ ಇರುವುದಿಲ್ಲ. ಕೆಲವದರಲ್ಲಿ ಟೇಬಲ್ ಚಾಲೂ ಇದ್ದಾಗ ಮಾತ್ರ ಕೆಲಸ ಮಾಡುತ್ತವೆ.

ಕೊನೆಗೆ ಕಪ್ಲರ್ ಹಾಕಿ ನೋಡಿ. ಗೂಡ್ಸ್ ಡಬ್ಬಿಗಳು ಬೇಡ, ಎರಡು ಇಂಜಿನ್ ಮಾತ್ರ. ಕಪ್ಲರಿನ ಎರಡು ಕೊಕ್ಕೆಗಳ ನಡುವೆ ಒಂದು ಮಿಲಿಮೀಟರ್‌ನಷ್ಟು ಸಡಿಲು ಇರುತ್ತದೆ. ಓಡುವಾಗ ಅದನ್ನೇ ಗಮನಿಸಿ. ಕೊಕ್ಕೆ ಯಾವಾಗಲೂ ಬಿಗಿಯಾಗಿದ್ದರೆ ಮುಂದಿನದು ಜೋರು. ಯಾವಾಗಲೂ ಒತ್ತಿಕೊಂಡಿದ್ದರೆ ಹಿಂದಿನದು ಜೋರು. ಒಮ್ಮೆ ಬಿಗಿ, ಒಮ್ಮೆ ಸಡಿಲ ಎಂದು ಮೆಲ್ಲಗೆ ಆಡುತ್ತಿದ್ದರೆ ಜೋಡಿ ಹೊಂದಿದೆ. ಬೇರೆ ಯಾವ ಪರೀಕ್ಷೆಗಿಂತ ನಾನು ನಂಬುವುದು ಇದನ್ನು. ಅಷ್ಟು ಮಾಡಿಯೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿದರೆ ಸ್ವಲ್ಪ ಜೋರಿನದನ್ನು ಮುಂದೆ ಹಾಕಿ. ಎಳೆತದಲ್ಲಿ ಹಳಿ ತಪ್ಪುವುದು ಕಡಿಮೆ, ನೂಕಾಟದಲ್ಲಿ ಜಾಸ್ತಿ.

ನಿಮ್ಮ ಹಳೆಯ ಇಂಜಿನ್ ಮೊದಲು ಜಿಗಿಯುವುದಕ್ಕೆ ಸಿವಿ 2 ಒಂದೇ ಕಾರಣ ಇರಲಾರದು. ಕೆಲವು ಸೌಂಡ್ ಡಿಕೋಡರ್‌ಗಳು ಥ್ರಾಟಲ್ ತಿರುಗಿಸಿದ ಕೂಡಲೇ ಇಂಜಿನ್ನನ್ನು ಬಿಡುವುದಿಲ್ಲ. ಮೊದಲು ಡೀಸೆಲ್ ಮೋಟಾರಿನ ಸದ್ದು ಏರಬೇಕು, ಆಮೇಲೆ ಚಕ್ರ ತಿರುಗಬೇಕು ಎಂದು ಕಾಯುತ್ತವೆ. ಒಂಟಿಯಾಗಿ ಓಡಿಸುವಾಗ ಅದು ಬಹಳ ಚೆಂದ. ಜೋಡಿಯಲ್ಲಿ ಮಾತ್ರ ಸದ್ದಿಲ್ಲದ ಜೊತೆಗಾರ ಅಷ್ಟರಲ್ಲಿ ಹೊರಟುಬಿಟ್ಟಿರುತ್ತಾನೆ. ಈ ಕಾಯುವಿಕೆಯನ್ನು ತೆಗೆಯುವ ಸೆಟ್ಟಿಂಗ್ ಕೈಪಿಡಿಯಲ್ಲಿ ಇರುತ್ತದೆ, ಹುಡುಕಿ ತೆಗೆಯಿರಿ.

ಎಲ್ಲ ಮುಗಿದ ಮೇಲೆ ಸಿವಿ 3, ಸಿವಿ 4 ಮತ್ತೆ ಹಾಕಿಕೊಳ್ಳಿ. ಡಿಸಿಸಿಯ ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಸಂಘ) ಮಾನದಂಡದ ಲೆಕ್ಕದಲ್ಲಿ ಸಿವಿ 3ರ ಸಂಖ್ಯೆಯನ್ನು 0.896ರಿಂದ ಗುಣಿಸಿದರೆ ನಿಂತಲ್ಲಿಂದ ಪೂರ್ತಿ ವೇಗಕ್ಕೆ ಬೇಕಾದ ಸೆಕೆಂಡ್ ಸಿಗುತ್ತದೆ. 10 ಹಾಕಿದರೆ ಸುಮಾರು 9 ಸೆಕೆಂಡ್, 20 ಹಾಕಿದರೆ 18. ಎಲ್ಲ ಕಂಪನಿಯ ಡಿಕೋಡರ್ ಇದನ್ನೇ ಚಾಚೂ ತಪ್ಪದೆ ಪಾಲಿಸುವುದಿಲ್ಲ. ಹಾಗಾಗಿ ಎರಡಕ್ಕೂ ಒಂದೇ ಸಂಖ್ಯೆ ಬರೆದು ಸುಮ್ನೆ ಇರಬೇಡಿ. ಅಕ್ಕಪಕ್ಕದ ಹಳಿಯಲ್ಲಿ ಹೊರಡಿಸಿ, ನಿಲ್ಲಿಸಿ ನೋಡಿ.

ಪ್ರಶ್ನೆ: ಸಮತಟ್ಟಾದ ಹಳಿಯಲ್ಲಿ ನನ್ನ ಜೋಡಿ ಚೆನ್ನಾಗಿ ಓಡುತ್ತದೆ. ಏರು ಹಳಿಗೆ ಬಂದ ಕೂಡಲೇ ಜಗಳ ಶುರು. ಬ್ಯಾಕ್ ಇಎಂಎಫ್ ತೆಗೆದುಬಿಡಿ ಎಂದು ಗೆಳೆಯರು ಹೇಳುತ್ತಾರೆ. ಸರಿಯೇ?

ಉತ್ತರ: ಒಂದರಲ್ಲಿ ಅದು ಚಾಲೂ ಇದ್ದು ಇನ್ನೊಂದರಲ್ಲಿ ಇಲ್ಲ ಎಂದು ಕಾಣುತ್ತದೆ. ಮೊದಲು ಅದನ್ನು ನೋಡಿ.

ಬ್ಯಾಕ್ ಇಎಂಎಫ್ ಇರುವ ಡಿಕೋಡರ್ ಮೋಟಾರಿಗೆ ಕೊಡುವ ಕರೆಂಟನ್ನು ಕ್ಷಣಕಾಲ ನಿಲ್ಲಿಸುತ್ತದೆ. ಆಗಲೂ ತಿರುಗುತ್ತಿರುವ ಮೋಟಾರ್ ತಾನೇ ಒಂದಿಷ್ಟು ವೋಲ್ಟೇಜ್ ಹುಟ್ಟಿಸುತ್ತದೆ. ಅದನ್ನು ಅಳೆದು ವೇಗ ಎಷ್ಟಿದೆ ಎಂದು ತಿಳಿದುಕೊಳ್ಳುತ್ತದೆ. ಕಡಿಮೆಯಾಗಿದ್ದರೆ ಜಾಸ್ತಿ ಶಕ್ತಿ ಕೊಡುತ್ತದೆ. ಇದಿಲ್ಲದ ಇಂಜಿನ್ ಏರಿನಲ್ಲಿ ಭಾರ ಬಿದ್ದಂತೆ ನಿಧಾನವಾಗುತ್ತದೆ. ಇಬ್ಬರು ಒಂದು ಮಂಚ ಹೊತ್ತು ಮೆಟ್ಟಿಲು ಹತ್ತುವಾಗ ಒಬ್ಬರು ಸುಸ್ತಾದರೆ ಇನ್ನೊಬ್ಬರೂ ಹೆಜ್ಜೆ ನಿಧಾನ ಮಾಡಬೇಕು, ತಾನೇ? ಬ್ಯಾಕ್ ಇಎಂಎಫ್ ಇರುವ ಇಂಜಿನ್ ಹಾಗೆ ಮಾಡುವುದಿಲ್ಲ, ತನ್ನ ಹೆಜ್ಜೆಯನ್ನೇ ಹಿಡಿದು ಎಳೆಯುತ್ತದೆ. ಅದಕ್ಕೇ ಸಮತಟ್ಟಿನಲ್ಲಿ ಇದ್ದ ಹೊಂದಾಣಿಕೆ ಏರಿನಲ್ಲಿ ಕೆಡುತ್ತದೆ.

ಗೆಳೆಯರು ಹೇಳಿದಂತೆ ಎರಡರಲ್ಲೂ ತೆಗೆದರೆ ಜಗಳ ನಿಲ್ಲುತ್ತದೆ ನಿಜ. ಆದರೆ ತೆವಳುವ ವೇಗದ ನಯವೂ ಹೋಗುತ್ತದೆ. ನನಗೆ ಅದು ಇಷ್ಟವಿಲ್ಲ. ಎರಡರಲ್ಲೂ ಚಾಲೂ ಇಟ್ಟು, ಅದರ ಬಿಗಿಯನ್ನು ಕಡಿಮೆ ಮಾಡುವುದು ಒಳ್ಳೆಯದು. ಹಲವು ಡಿಕೋಡರ್‌ಗಳಲ್ಲಿ ಇದಕ್ಕೆ ಬೇರೆಯೇ ಸಿವಿ ಇದೆ. ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಕಂಪನಿಗಳು ಜೋಡಿಯಲ್ಲಿರುವಾಗ ತಾನಾಗಿಯೇ ಬಿಗಿ ಇಳಿಯುವ ವ್ಯವಸ್ಥೆಯನ್ನೂ ಕೊಟ್ಟಿವೆ. ಒಂದು ಮಾತ್ರ ನೆನಪಿರಲಿ: ಇದನ್ನು ಬದಲಾಯಿಸಿದರೆ ವೇಗವೂ ಬದಲಾಗುತ್ತದೆ. ಸಿವಿ 2, 5, 6 ಮುಟ್ಟುವುದಕ್ಕಿಂತ ಮುಂಚೆಯೇ ಇದನ್ನು ತೀರ್ಮಾನ ಮಾಡಿಕೊಳ್ಳಿ.

ಪ್ರಶ್ನೆ: ಆರಂಭದ ಸೆಟ್ ಜೊತೆ ಬಂದ ಇಂಜಿನ್ನಿನಲ್ಲಿ ಸಿವಿ 5, ಸಿವಿ 6 ಇಲ್ಲವೇ ಇಲ್ಲ. ಅದನ್ನು ಜೋಡಿಗೆ ಹಾಕಲು ಸಾಧ್ಯವೇ?

ಉತ್ತರ: ಸಾಧ್ಯ. ಬದಲಾಗದ ಇಂಜಿನ್ನೇ ಅಳತೆಗೋಲು, ಬದಲಾಗುವುದನ್ನು ಅದಕ್ಕೆ ಹೊಂದಿಸಿ. ಆದರೆ ಬದಲಾಗದ್ದೇ ಎಲ್ಲಕ್ಕಿಂತ ಜೋರಾಗಿ ಓಡುವುದಾದರೆ ಡಿಕೋಡರ್ ಬದಲಿಸುವುದೇ ದಾರಿ.

ಪ್ರಶ್ನೆ: ಇಂಜಿನ್‌ಗಳು ಹತ್ತಾರು ಇವೆ. ಯಾವುದನ್ನು ಯಾವುದರ ಜೊತೆಗಾದರೂ ಹಾಕುವಂತಿರಬೇಕು. ಪ್ರತಿ ಜೋಡಿಯನ್ನೂ ಬೇರೆಯಾಗಿ ಹೊಂದಿಸಬೇಕೆ?

ಉತ್ತರ: ಬೇಡ. ಗಡಿಯಾರಕ್ಕೆ ಹೊಂದಿಸಿ. 2 ಮೀಟರ್ ನೇರ ಹಳಿ ಅಳೆದು ಎರಡು ಕಡೆ ಗುರುತು ಹಾಕಿ. ಎಚ್‌ಒ ಎಂದರೆ 1:87. ಅಸಲಿ ಲೆಕ್ಕದಲ್ಲಿ ಗಂಟೆಗೆ ಎಷ್ಟು ಕಿಲೋಮೀಟರ್ ಬೇಕೋ ಆ ಸಂಖ್ಯೆಯಿಂದ 626ನ್ನು ಭಾಗಿಸಿದರೆ 2 ಮೀಟರ್ ದಾಟಲು ಬೇಕಾದ ಸೆಕೆಂಡ್ ಸಿಗುತ್ತದೆ. 20 ಕಿಲೋಮೀಟರಿಗೆ 31 ಸೆಕೆಂಡ್, 40ಕ್ಕೆ 15.7, 60ಕ್ಕೆ 10.4. ಎನ್ ಅಳತೆಗೆ, ಅಂದರೆ 1:160ಕ್ಕೆ, 626ರ ಬದಲು 1152 ತೆಗೆದುಕೊಳ್ಳಿ.

ಅರ್ಧ ಥ್ರಾಟಲ್‌ಗೆ 40, ಪೂರ್ತಿಗೆ 80 ಎಂದು ಒಮ್ಮೆ ನಿರ್ಧರಿಸಿ. ನಿಮ್ಮ ಗುಂಪಿನ ಅತಿ ನಿಧಾನದ ಇಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಅಷ್ಟು ಓಡಬಲ್ಲದೇ ಎಂದು ಮೊದಲು ನೋಡಿಕೊಳ್ಳಿ. ಆಮೇಲೆ ಒಂದೊಂದನ್ನೇ ಅದಕ್ಕೆ ತನ್ನಿ. ಪ್ಯಾಸೆಂಜರ್ ಇಂಜಿನ್ನಿಗೂ ಗೂಡ್ಸ್ ಇಂಜಿನ್ನಿಗೂ ಬೇರೆ ಬೇರೆ ಗುಂಪು ಮಾಡಿಕೊಳ್ಳುವುದು ವಾಸಿ. ಶಂಟಿಂಗ್ ಇಂಜಿನ್ನನ್ನು ಇದಕ್ಕೆ ಸೇರಿಸಬೇಡಿ, ಅದರ ಎಲ್ಲ ಸ್ಟೆಪ್‌ಗಳೂ ತೆವಳುವ ವೇಗಕ್ಕೇ ಮೀಸಲಿರಲಿ.

ಪ್ರಶ್ನೆ: ಜೋಡಿ ಬಿಚ್ಚಿದ ಮೇಲೆ ಒಂದು ಇಂಜಿನ್ ತನ್ನ ನಂಬರಿಗೆ ಓಡುತ್ತಲೇ ಇಲ್ಲ. ಲೈಟ್ ಹತ್ತುತ್ತದೆ, ಚಕ್ರ ತಿರುಗುವುದಿಲ್ಲ. ಡಿಕೋಡರ್ ಸುಟ್ಟಿದೆಯೇ?

ಉತ್ತರ: ಸುಟ್ಟಿರಲಾರದು. ಸಿವಿ 19 ಓದಿ ನೋಡಿ. ಜೋಡಿಯ ನಂಬರ್ ಕೂತಿರುವುದು ಅಲ್ಲೇ. ಅದರಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಇಂಜಿನ್ ತನ್ನ ಸ್ವಂತ ನಂಬರಿಗೆ ಬಂದ ವೇಗದ ಆದೇಶವನ್ನು ಕೇಳುವುದಿಲ್ಲ. ಜೋಡಿ ನಂಬರ್ 10 ಆಗಿದ್ದರೆ ಅಲ್ಲಿ 10 ಇರುತ್ತದೆ. ತಿರುಗಿ ನಿಂತ ಇಂಜಿನ್ ಆಗಿದ್ದರೆ 128 ಸೇರಿ 138. ಅಲ್ಲಿಗೆ 0 ಬರೆಯಿರಿ, ಓಡುತ್ತದೆ. ಇನ್ನು ಮುಂದೆ ಜೋಡಿಯನ್ನು ಕಮಾಂಡ್ ಸ್ಟೇಷನ್ನಿನಲ್ಲಿ ಸರಿಯಾಗಿ ಬಿಡಿಸಿದ ಮೇಲೆಯೇ ಇಂಜಿನ್ನನ್ನು ಹಳಿಯಿಂದ ಎತ್ತಿ.